ಪಾಸ್‌ವರ್ಡ್ ಬದಲಾಯಿಸುವ ಮೊದಲು ಆ ಎರರ್ ಪೂರ್ತಿ ಓದಿ

ಸರ್ವರ್‌ನಲ್ಲಿ ವರ್ಡ್‌ಪ್ರೆಸ್ಸೋ ಮೂಡಲ್ಲೋ, ಅಂದರೆ ವೆಬ್‌ಸೈಟ್ ನಡೆಸುವ ಯಾವುದೋ ಸಾಫ್ಟ್‌ವೇರ್ ಹಾಕಲು ಹೋಗಿ ಡೇಟಾಬೇಸ್ ಕನೆಕ್ಟ್ ಆಗದೆ ಸಿಕ್ಕಿಕೊಂಡವರು ಆಗಾಗ ನನಗೆ ಮೆಸೇಜ್ ಮಾಡುತ್ತಾರೆ. "ಪಾಸ್‌ವರ್ಡ್ ಸರಿಯಾಗೇ ಇದೆ ಸರ್, ಎಷ್ಟು ಸಲ ಬದಲಾಯಿಸಿದರೂ ಅದೇ ಎರರ್." ಸರಿಯಾಗೇ ಇದ್ದ ಮೇಲೆ ಬದಲಾಯಿಸಿದ್ದು ಯಾಕೆ ಅಂತ ಬಾಯಿಗೆ ಬರುತ್ತದೆ, ಸುಮ್ಮನಾಗುತ್ತೇನೆ. ಎರರ್‌ನ ಪೂರ್ತಿ ಸಾಲು ಕಳಿಸಿ ಅನ್ನುತ್ತೇನೆ.

ಆ ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್. ಅದರ 1045 ಎರರ್‌ನಲ್ಲಿ ಬೇಕಾದ್ದೆಲ್ಲ ಇರುತ್ತದೆ. 'ಆಕ್ಸೆಸ್ ಡಿನೈಡ್' ಆದಮೇಲೆ ಯೂಸರ್ ಹೆಸರು, ಅಟ್ ಗುರುತು, ಹೋಸ್ಟ್ (ಯಾವ ಯಂತ್ರದಿಂದ ಬಂದಿರಿ ಅನ್ನುವುದು). ಕೊನೆಯಲ್ಲಿ 'ಯೂಸಿಂಗ್ ಪಾಸ್‌ವರ್ಡ್', ಅದರ ಮುಂದೆ ಯೆಸ್ ಅಥವಾ ನೋ. ನೋ ಅಂತಿದ್ದರೆ ಪಾಸ್‌ವರ್ಡ್ ತಪ್ಪಲ್ಲ, ಅದು ಹೋಗಿಯೇ ಇಲ್ಲ! ನೀವು ತಿದ್ದಿದ, ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ಒಂದು, ಸಾಫ್ಟ್‌ವೇರ್ ಓದುತ್ತಿರುವುದು ಇನ್ನೊಂದು ಆಗಿರಬಹುದು.

ಯೆಸ್ ಅಂತಿದ್ದರೆ ಹೋಸ್ಟ್ ನೋಡಿ. ಇಲ್ಲೇ ಜಾಸ್ತಿ ಜನ ಎಡವುವುದು. ಮೈಎಸ್‌ಕ್ಯೂಎಲ್‌ಗೆ ಬರೀ ಹೆಸರು ಸಾಲದು. ಹಾಸನದ ರವಿ ಬೇರೆ, ಮಂಡ್ಯದ ರವಿ ಬೇರೆ ಅಲ್ವಾ, ಹಾಗೆ. ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಯಂತ್ರಕ್ಕೆ ಅಂತ ಮಾಡಿದ ಯೂಸರ್, ಡಾಕರ್‌ನ (ಸಾಫ್ಟ್‌ವೇರ್‌ಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಇನ್ನೊಂದು ಕಂಟೇನರ್‌ನಿಂದ ಬಂದರೆ ಒಳಗೆ ಬಿಡುವುದಿಲ್ಲ. ಆ ಹೋಸ್ಟ್‌ನಿಂದ ಅಂಥ ಯೂಸರ್ ಇಲ್ಲವೇ ಇಲ್ಲ ಅಂತ ಅದು ಬಾಯಿಬಿಟ್ಟು ಹೇಳುವುದೂ ಇಲ್ಲ. ಪಾಸ್‌ವರ್ಡ್ ತಪ್ಪಾದಾಗ ಬರುವ ಅದೇ ಸಾಲು ಬರುತ್ತದೆ. ಹೊರಗಿನವರು ಯೂಸರ್ ಹೆಸರು ಊಹಿಸಬಾರದಲ್ಲ, ಅದಕ್ಕೆ ಅದು ಒಳ್ಳೆಯದೇ.

ಡಾಕರ್ ಅಂದಾಗ ನೆನಪಾಯಿತು. ಕಂಟೇನರ್‌ಗಳ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲಿನಲ್ಲಿ ಕೊಟ್ಟ ಪಾಸ್‌ವರ್ಡ್ ಕೆಲಸಕ್ಕೆ ಬರುವುದು ಡೇಟಾ ಫೋಲ್ಡರ್ ಖಾಲಿ ಇರುವಾಗ, ಅಂದರೆ ಮೊದಲ ಸಲ ಮಾತ್ರ. ಆಮೇಲೆ ಅಲ್ಲಿ ಎಷ್ಟು ಬದಲಾಯಿಸಿದರೂ ಒಳಗಿರುವುದು ಹಳೆಯದೇ.

ನಾನು ಹೇಳುವ ಪರೀಕ್ಷೆ ಸುಲಭ. ಸಾಫ್ಟ್‌ವೇರ್ ಪಕ್ಕಕ್ಕಿಡಿ. ಅದೇ ಯೂಸರ್, ಅದೇ ಹೋಸ್ಟ್, ಅದೇ ಪಾಸ್‌ವರ್ಡ್ ಇಟ್ಟುಕೊಂಡು ಟರ್ಮಿನಲ್‌ನಿಂದ ಲಾಗಿನ್ ಆಗಿ. ಆಯಿತು ಅಂದರೆ ತಕರಾರು ಕಾನ್ಫಿಗ್ ಫೈಲಿನಲ್ಲಿದೆ. ವರ್ಡ್‌ಪ್ರೆಸ್, ಮೂಡಲ್ ಬರೆದಿರುವ ಭಾಷೆ ಪಿಎಚ್‌ಪಿಯಲ್ಲಿ ಪಾಸ್‌ವರ್ಡನ್ನು ಡಬಲ್ ಕೋಟ್‌ನಲ್ಲಿ ಹಾಕಿ, ಅದರಲ್ಲಿ ಡಾಲರ್ ಗುರುತಿದ್ದರೆ, ಮುಂದಿನ ಅಕ್ಷರಗಳನ್ನು ಅದು ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ. ಸಿಂಗಲ್ ಕೋಟ್ ಹಾಕಿದರೆ ಮುಗಿಯಿತು.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಉಬುಂಟುವಿನಲ್ಲಿ ಕಾನ್ಫಿಗ್ ಫೈಲಿಗೆ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಹಾಕಿದರೆ 1698 ಎರರ್ ಬರುತ್ತದೆ. ಅಲ್ಲಿ ರೂಟ್‌ಗೆ ಪಾಸ್‌ವರ್ಡೇ ಕೇಳುವುದಿಲ್ಲ. ಸಿಸ್ಟಮ್‌ನಲ್ಲಿ ನೀವು ನಿಜವಾಗಿ ರೂಟ್ ಹೌದಾ ಅಂತಷ್ಟೇ ನೋಡುತ್ತದೆ. ವೆಬ್‌ಸೈಟ್ ಓಡುವುದು ಬೇರೆ ಯೂಸರ್ ಹೆಸರಲ್ಲಿ, ಹಾಗಾಗಿ ಅದು ರೂಟ್ ಆಗಿ ಒಳಗೆ ಹೋಗುವ ಹಾಗಿಲ್ಲ. ಬೇಕೆಂದೇ ಹಾಕಿದ ಬೀಗ ಅದು. ಎಷ್ಟೋ ಟ್ಯುಟೋರಿಯಲ್‌ಗಳು ಮೊದಲು ಮಾಡಿಸುವುದೇ ಆ ಬೀಗ ಒಡೆಯುವ ಕೆಲಸ. ರೂಟ್‌ಗೆ ಪಾಸ್‌ವರ್ಡ್ ಕೊಡಿ, ಅದನ್ನೇ ಕಾನ್ಫಿಗ್ ಫೈಲಿಗೆ ಹಾಕಿ ಅನ್ನುತ್ತವೆ. ನಾಳೆ ಯಾವುದೋ ಪ್ಲಗಿನ್‌ನಲ್ಲಿ ತೂತು ಬಿದ್ದರೆ, ಆ ಸರ್ವರ್‌ನಲ್ಲಿರುವ ಎಲ್ಲ ಡೇಟಾಬೇಸ್‌ಗಳೂ ಹೋದ ಹಾಗೆ. ಒಂದು ಸೈಟಿಗೆ ಒಂದು ಯೂಸರ್, ಆ ಒಂದೇ ಡೇಟಾಬೇಸ್ ಮೇಲೆ ಅಧಿಕಾರ. ಎರಡು ನಿಮಿಷದ ಕೆಲಸ, ಇದಕ್ಕೂ ಸೋಮಾರಿತನ ಅಂದರೆ ಹೇಗೆ?

ಟ್ಯುಟೋರಿಯಲ್‌ನ ತಾರೀಖನ್ನೂ ನೋಡಿ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8ರಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಡೀಫಾಲ್ಟ್ ವಿಧಾನವೇ ಬದಲಾಯಿತು. ಹಳೆಯ ಪಿಎಚ್‌ಪಿಗೆ ಅದು ಗೊತ್ತಿರಲಿಲ್ಲ, 7.4 ಅಥವಾ ಅದಕ್ಕಿಂತ ಹೊಸದಿದ್ದರೆ ತೊಂದರೆ ಇಲ್ಲ. ಮೊದಲೆಲ್ಲ ಅಧಿಕಾರ ಕೊಡುವ ಗ್ರಾಂಟ್ ಕಮಾಂಡ್ ಒಂದರಲ್ಲೇ ಯೂಸರ್ ಕೂಡ ಹುಟ್ಟುತ್ತಿದ್ದ. 8ರಿಂದ ಅದು ನಡೆಯುವುದಿಲ್ಲ, ಮೊದಲು ಕ್ರಿಯೇಟ್ ಯೂಸರ್, ಆಮೇಲೆ ಗ್ರಾಂಟ್. ಇನ್‌ಬಾಕ್ಸ್‌ಗೆ ಬರುವವರು ಇಷ್ಟು ನೋಡಿಕೊಂಡು ಬನ್ನಿ. ಜೊತೆಗೆ ಎರರ್ ಸಾಲು ಪೂರ್ತಿ ಇರಲಿ. ಪಾಸ್‌ವರ್ಡ್ ಮಾತ್ರ ದಯವಿಟ್ಟು ಕಳಿಸಬೇಡಿ.