ಗಂಟಲು ಕಟ್ಟಿದ ದೆವ್ವ

ದೆವ್ವ ಕಿರುಚಿದರೆ ಮಕ್ಕಳು ಓಡಬೇಕು. ನಮ್ಮ ದೆವ್ವ ಗುರುಗುಟ್ಟಿದಾಗ ಮೂರನೇ ಮಹಡಿಯ ಪುಟಾಣಿ ಹತ್ತಿರ ಬಂದು, ಅದರ ಪಕ್ಕೆಲುಬಿಗೆ ಕಿವಿ ಕೊಟ್ಟು, "ಅಂಕಲ್, ಏನೋ ಹೇಳ್ತಿದೆ, ಕೇಳಿಸ್ತಿಲ್ಲ" ಅಂದಳು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಈಗ ಹ್ಯಾಲೋವೀನ್ ಕೂಡ ಬಂದಿದೆ, ಅಲ್ವಾ? ಅಕ್ಟೋಬರ್ 31ಕ್ಕೆ ಬೇಸ್‌ಮೆಂಟಿನಲ್ಲಿ ದೆವ್ವದ ಮನೆ ಮಾಡೋಣ ಅಂತ ಅಸೋಸಿಯೇಷನ್ ತೀರ್ಮಾನಿಸಿತು. ಸೋಲ್ಡರಿಂಗ್ ಬರುವವನು ನಾನೊಬ್ಬನೇ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ, ಆಡಿಯೋ ಫೈಲ್ ನುಡಿಸುವ ಪುಟ್ಟ ಬೋರ್ಡು, ಡಿಎಫ್‌ಪ್ಲೇಯರ್ ಮಿನಿ ತಂದೆ. ಅಂಚೆಚೀಟಿಗಿಂತ ಚಿಕ್ಕದು. ಅದರಲ್ಲೇ ಮೆಮೊರಿ ಕಾರ್ಡಿಗೆ ಜಾಗ, ಅದರಲ್ಲೇ ಆಂಪ್ಲಿಫೈಯರ್. 3 ವಾಟ್ ಅಂತ ಹೆಸರು. ಪ್ಲಾಸ್ಟಿಕ್ ಅಸ್ಥಿಪಂಜರದ ಎದೆಯೊಳಗೆ ಬರಿ ಸ್ಪೀಕರ್ ನೇತುಹಾಕಿ, ವಾಲ್ಯೂಮನ್ನು ಅದರ ಕೊನೆ ಮೆಟ್ಟಿಲಾದ 30ಕ್ಕೆ ಏರಿಸಿದೆ. ಮನೇಲಿ ಜೋರಾಗೇ ಇತ್ತು. ಬೇಸ್‌ಮೆಂಟಿನಲ್ಲಿ ಎಕ್ಸಾಸ್ಟ್ ಫ್ಯಾನು, ನೀರಿನ ಪಂಪು ಎರಡೂ ಸೇರಿ ಅದನ್ನು ನುಂಗಿಹಾಕಿದವು.

"ರೀ, ದೆವ್ವಕ್ಕೆ ಶೀತ ಆಗಿದ್ಯಾ?" ಅಂದಳು ಹೆಂಡತಿ. ಅತ್ತೆಯವರದು ಇನ್ನೂ ಖಾರ. "ನಮ್ಮ ಕಾಲದ ದೆವ್ವ ಮನೆಯವರ ದನಿಯಲ್ಲೇ ಬಾಗಿಲಲ್ಲಿ ನಿಂತು ಕರೀತಿತ್ತು. ನಾವು 'ನಾಳೆ ಬಾ' ಅಂತ ಬರೆದು ಮಲಗ್ತಿದ್ವಿ. ಅದೇನು ಎಸ್.ಪಿ. ರೋಡಿಗೆ ಹೋಗಿತ್ತಾ?"

ಕಾರ್ಯದರ್ಶಿಗಳು ಮಾತ್ರ ಪರಿಹಾರ ಹೇಳಿದರು. "6 ವಾಟಿಂದು ಹಾಕ್ಬಿಡಿ, ಸದ್ದು ಡಬಲ್ ಆಗತ್ತೆ." ಎಲ್ಲರೂ ಇದನ್ನೇ ಹೇಳೋದು. ವಾಟ್ ಡಬಲ್ ಮಾಡಿದರೆ ಸದ್ದಿನ ಅಳತೆಯಲ್ಲಿ ಹೆಚ್ಚಾಗೋದು 3 ಡೆಸಿಬೆಲ್. ಕಿವಿಗೆ ಅದು 'ಹೂಂ, ಸ್ವಲ್ಪ ಜಾಸ್ತಿ ಆಯ್ತೇನೋ' ಅನ್ನುವಷ್ಟೇ. ನಿಜವಾಗಿ ಡಬಲ್ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. 30 ವಾಟ್! ನಮ್ಮ ದೆವ್ವ ಬದುಕುತ್ತಿದ್ದದ್ದು ನನ್ನ ಹಳೇ ಪವರ್ ಬ್ಯಾಂಕಿನ ಮೇಲೆ.

ಅದಕ್ಕೆ ಬೇಕಿದ್ದದ್ದು ಡಬ್ಬ. ಬರಿ ಸ್ಪೀಕರಿನ ಹಾಳೆ ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತಿರುತ್ತದೆ. ಎರಡೂ ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಅದರಲ್ಲೂ ಗುರುಗುಟ್ಟುವ ದಪ್ಪ ದನಿಯೇ ಮೊದಲು ಮಾಯ. ತಂಬೂರಿಗೆ ಬುರುಡೆ ಇಲ್ಲದಿದ್ದರೆ ಹೇಗೋ ಹಾಗೆ. ಖಾಲಿ ಪೇಂಟ್ ಡಬ್ಬದ ಮುಚ್ಚಳಕ್ಕೆ ದುಂಡಗೆ ತೂತು ಕೊರೆದು, ಸ್ಪೀಕರ್ ಸ್ಕ್ರೂ ಮಾಡಿ, ಅಂಚಿಗೆಲ್ಲ ಎಂ-ಸೀಲ್ ಮೆತ್ತಿದೆ. ವೈರ್ ಹೋಗುವ ಸಂದಿಗೂ ಮೆತ್ತಿದೆ. ಡಬ್ಬವನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ ನೆಲಕ್ಕೇ ಇಟ್ಟೆ. ದನಿಗೆ ಎದೆ ಬಂತು.

ಇನ್ನು ಗುರುಗುಟ್ಟೋದು. ಸುಮ್ನೆ ದಂಡ ಅದು. ನಮ್ಮ ಕಿವಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಕೀರಲು ದನಿಗೆ. ಪುಟ್ಟ ಸ್ಪೀಕರಿಗೂ ಅದೇ ಸಲೀಸು. ಗುರುಗುಟ್ಟುವ ಫೈಲ್ ತೆಗೆದು ಚೀರುವ ಹೆಂಗಸಿನ ಫೈಲ್ ಹಾಕಿದೆ. ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಅದರ ಮಟ್ಟವನ್ನೂ ಪೂರ್ತಿ ಎತ್ತಿದೆ. ಪ್ಲೇಯರ್ ಅದೇ, 3 ವಾಟ್ ಅದೇ. ಆ ರಾತ್ರಿ ಮಕ್ಕಳಿರಲಿ, ಪಿಜ್ಜಾ ತಂದ ಹುಡುಗನೂ ಹೆಲ್ಮೆಟ್ ಬಿಟ್ಟು ಓಡಿದ.

ಡಬ್ಬ ಕಾರ್ಯದರ್ಶಿಗಳಿಗೆ ತುಂಬಾ ಹಿಡಿಸಿತು. ಬೆಳಗಾದರೆ ರಾಜ್ಯೋತ್ಸವ, ಅದಕ್ಕೂ ಇದೇ ಇರಲಿ ಅಂದರು. ಕಾರ್ಡ್ ಮನೆಗೆ ಒಯ್ದು ನಾಡಗೀತೆ ಹಾಕಿಕೊಂಡರು. ಮೊದಲು ಬರಲಿ ಅಂತ ಫೈಲಿಗೆ '001' ಅಂತ ಹೆಸರಿಟ್ಟರಂತೆ. ಗುಂಡಿ ಒತ್ತಿ ನುಡಿಸಿದರೆ ಈ ಪ್ಲೇಯರು ಹೆಸರು ಗಿಸರು ನೋಡುವುದಿಲ್ಲ. ಕಾರ್ಡಿಗೆ ಯಾವುದು ಮೊದಲು ಕಾಪಿ ಆಗಿದೆಯೋ ಅದಕ್ಕೇ ಮೊದಲ ಮಣೆ.

ನವೆಂಬರ್ 1ರ ಬೆಳಿಗ್ಗೆ ಹಳದಿ-ಕೆಂಪು ಬಾವುಟ ಏರಿತು. ಎಲ್ಲರೂ ನೆಟ್ಟಗೆ ನಿಂತರು. ಕಾರ್ಯದರ್ಶಿಗಳು ಗಂಭೀರವಾಗಿ ಗುಂಡಿ ಒತ್ತಿದರು.

ಲಾಡು ಹಂಚಲು ನಿಂತಿದ್ದವರ ಕೈಯಿಂದ ತಟ್ಟೆ ಹೋಯಿತು. ಕಾರ್ಯದರ್ಶಿಗಳು ಬಾವುಟದ ಹಗ್ಗವನ್ನು ಅವುಚಿ ಹಿಡಿದುಕೊಂಡರು. ನಾನು ನುಗ್ಗಿ ಮುಂದಿನ ಗುಂಡಿ ಒತ್ತಿದೆ. ನಾಡಗೀತೆ ಬಂತು. ಹೇಳಬಾರದು, ಆ ಡಬ್ಬದಲ್ಲಿ ಬಲು ಚೆನ್ನಾಗಿ ಕೇಳಿಸಿತು.