ಎಲೆಗೆ ಕಣ್ಣಳತೆ ಸಾಕು, ಎಣ್ಣೆಗೆ ಸಾಲದು

ದಾಲ್ಚಿನ್ನಿ ಎಲೆಯ ಎಣ್ಣೆಯನ್ನು ಒಂದು ಹನಿ, ಗಾಜಿನ ಲೋಟದ ನೀರಿಗೆ ಬಿಟ್ಟು ನೋಡಿ. ಎಣ್ಣೆ ಅಂದಮೇಲೆ ತೇಲಬೇಕಲ್ಲವೇ? ಇದು ಮುಳುಗುತ್ತದೆ. ಹಳದಿ ಮಣಿಯ ಹಾಗೆ ಜಾರಿಕೊಂಡು ಹೋಗಿ ತಳದಲ್ಲಿ ಕೂತುಬಿಡುತ್ತದೆ. ನೀರಿಗಿಂತ ತೂಕದ ಎಣ್ಣೆ. ನನಗೆ ಇದು ಗೊತ್ತಾದದ್ದು ಸ್ನಾನದ ಬಕೆಟ್ಟಿಗೆ ನಾಲ್ಕೈದು ಹನಿ ಹಾಕಿಕೊಂಡ ದಿನ. ಮೊದಲ ಚೊಂಬುಗಳಲ್ಲಿ ಬರೀ ಘಮ. ಕೊನೆಗೆ ಬಕೆಟ್ ಎತ್ತಿ ತಳದ ನೀರನ್ನು ಬೆನ್ನಿಗೆ ಸುರಿದುಕೊಂಡೆ ನೋಡಿ, ಮೆಣಸಿನಪುಡಿ ತಿಕ್ಕಿದಂಥ ಉರಿ!

ಊರು ಬಿಟ್ಟು ಹನ್ನೆರಡು ವರ್ಷವಾಯಿತು. ಮಾತು, ಬಟ್ಟೆ, ಮಲಗುವ ಹೊತ್ತು ಎಲ್ಲ ಬದಲಾದರೂ ಕೈಯಂದಾಜು ಮಾತ್ರ ನನ್ನ ಜೊತೆಗೇ ಬಂದಿತ್ತು. ‘ಎಲೆಯದು ತಾನೇ, ಒಂದೆರಡು ಹನಿ ಹೆಚ್ಚಾದರೆ ಏನಾದೀತು’ ಎಂಬ ಧೈರ್ಯ. ಆಗ ಜೊತೆಗಿದ್ದ ರೂಮ್‌ಮೇಟ್ ಬೇರೆ ದಾರಿಯವನು. ಅವನ ಬಳಿ ಡ್ರಾಪರ್ ಇತ್ತು, ಒಂದು ನೋಟ್‌ಬುಕ್ ಇತ್ತು. ನನ್ನ ಕಿರುಚಾಟ ಕೇಳಿ ಬಂದವನು ಮೊದಲು ನನ್ನ ಕೈಯಿಂದ ಚೊಂಬು ಕಿತ್ತುಕೊಂಡ. ಈ ಎಣ್ಣೆ ನೀರಿಗೆ ಕರಗುವುದಿಲ್ಲ, ಬರೀ ನೀರು ಸುರಿದಷ್ಟೂ ಹರಡುತ್ತದಂತೆ. ಅಡುಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆದೆವು. (ಕಣ್ಣಿಗೆ ಬಿದ್ದರೆ ಮಾತ್ರ ಈ ಉಪಾಯ ಬೇಡ. ಹದಿನೈದು ನಿಮಿಷ ನೀರಿನಲ್ಲೇ ತೊಳೆಯುತ್ತ, ನೇರ ಡಾಕ್ಟರ ಬಳಿ ಹೋಗಬೇಕು.)

ಅವನ ಲೆಕ್ಕ ಹೀಗೆ: ಮೈಗೆ ಹಚ್ಚುವುದಾದರೆ 30 ಎಂ.ಎಲ್. ಸಾದಾ ಎಣ್ಣೆಗೆ 3 ಹನಿ, ಅಷ್ಟೇ. ಅರೋಮಾಥೆರಪಿಯ, ಅಂದರೆ ಸುಗಂಧ ಎಣ್ಣೆಗಳ ಚಿಕಿತ್ಸೆಯ, ಸುರಕ್ಷತೆಯ ಬಗ್ಗೆ ಬರೆದವರು ಚರ್ಮಕ್ಕೆ ಹೇಳುವ ಮಿತಿ 0.6 ಶೇಕಡಾ, ಒಂದು ಎಂ.ಎಲ್.ಗೆ ಸುಮಾರು 20 ಹನಿ ಎಂದು ಹಿಡಿದರೆ ಮೂರೂವರೆ ಹನಿಗೆ ಬಂದು ನಿಲ್ಲುತ್ತದೆ. ಅದೇ ದಾಲ್ಚಿನ್ನಿ ತೊಗಟೆಯ ಎಣ್ಣೆಗೆ ಮಿತಿ 0.07 ಶೇಕಡಾ. ಅಂದರೆ ಅಷ್ಟೇ ಎಣ್ಣೆಗೆ ಅರ್ಧ ಹನಿಯೂ ಇಲ್ಲ! ಮರ ಒಂದೇ, ಎಣ್ಣೆ ಎರಡು. ಎಲೆಯದರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಯುಜೆನಾಲ್ ಎಂಬ ರಾಸಾಯನಿಕ, ಅದಕ್ಕೇ ಮೂಗಿಗೆ ಲವಂಗದ ವಾಸನೆ ಬರುವುದು. ತೊಗಟೆಯದರಲ್ಲಿ ಸಿನ್ನಮಾಲ್ಡಿಹೈಡ್ ಎಂಬ ಇನ್ನೊಂದು ಜಾಸ್ತಿ. ಚರ್ಮಕ್ಕೆ ಅಲರ್ಜಿ ಹಿಡಿಸುವುದರಲ್ಲಿ ಅದು ಇನ್ನೂ ಜೋರು. ಹಾಗೆ ಒಮ್ಮೆ ಹಿಡಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಬಾಟಲಿಯ ಮೇಲೆ ಬರೀ ‘ಸಿನ್ನಮನ್’ ಎಂದಿದ್ದರೆ ನಾನು ಈಗ ಅದನ್ನು ಮುಟ್ಟುವುದಿಲ್ಲ. ಸಿನ್ನಮೋಮಮ್ ವೇರಮ್ ಎಂಬ ಮರದ ಸಸ್ಯಶಾಸ್ತ್ರದ ಹೆಸರೂ ‘ಲೀಫ್’ ಎಂಬ ಮಾತೂ ಎರಡೂ ಕಾಣಬೇಕು. 2004ರಲ್ಲಿ ತೈವಾನಿನ ಸಂಶೋಧಕರು ದಾಲ್ಚಿನ್ನಿ ಎಲೆಯ ಎಣ್ಣೆ ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ ಎಂದು ತೋರಿಸಿದ್ದರು. ಅದನ್ನು ಓದಿ ಬಾಟಲಿ ಹಿಡಿದು ಸೊಳ್ಳೆಯ ಮೇಲೆ ಯುದ್ಧ ಸಾರಿದವರನ್ನು ನೋಡಿದ್ದೇನೆ. ಆದರೆ ಆ ಸಂಶೋಧನೆಯ ಮರ ತೈವಾನಿನದೇ ಬೇರೆ ಜಾತಿ, ಅದರ ಎಲೆಯ ಎಣ್ಣೆಯಲ್ಲಿ ತುಂಬಿದ್ದದ್ದು ಸಿನ್ನಮಾಲ್ಡಿಹೈಡ್.

ನಮ್ಮ ಕೈಯಂದಾಜು ದಡ್ಡತನವೆಂದು ನಾನು ಒಪ್ಪುವುದಿಲ್ಲ. ಬಿಸಿನೀರಿಗೆ ಎಲೆ ಹಾಕುವವರು ತಕ್ಕಡಿ ಹಿಡಿಯಬೇಕಿಲ್ಲ. ಎರಡು ಹೆಚ್ಚಾದರೆ ವಾಸನೆ ಗಾಢವಾದೀತು, ಅಷ್ಟೆ. ಆದರೆ ಎಲೆಯಲ್ಲಿರುವ ಎಣ್ಣೆ ಸುಮಾರು ನೂರಕ್ಕೆ ಒಂದು ಪಾಲು. 10 ಎಂ.ಎಲ್. ಬಾಟಲಿ ಅಂದರೆ ಹತ್ತಿರ ಹತ್ತಿರ ಒಂದು ಕೆ.ಜಿ. ಎಲೆ ಕಿರುಬೆರಳಷ್ಟು ಗಾಜಿನೊಳಗೆ ಕೂತಿದೆ ಎಂದರ್ಥ. ಚಿಟಿಕೆಯ ಲೆಕ್ಕ ಅಲ್ಲಿ ಹೇಗೆ ನಡೆದೀತು?

ಹಾಗಂತ ಅಳೆಯುವವರೆಲ್ಲ ಜಾಣರೂ ಅಲ್ಲ. ಹನಿ ಎಣಿಸುವ ಆ ಗೆಳೆಯನೇ ಎಣ್ಣೆಯ ಘಮವನ್ನು ಗಾಳಿಗೆ ಹರಡುವ ಡಿಫ್ಯೂಸರನ್ನು ಬೆಳಗಿನಿಂದ ರಾತ್ರಿಯವರೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಓಡಿಸುತ್ತಿದ್ದ. ಕೇಳಿದರೆ ಬಾಟಲಿ ತಿರುಗಿಸಿ ‘ಥೆರಪ್ಯೂಟಿಕ್ ಗ್ರೇಡ್’ ಎಂಬ ಅಕ್ಷರ ತೋರಿಸುವನು. ಅದು ಯಾವ ಸರಕಾರವೂ ಕೊಟ್ಟ ದರ್ಜೆಯಲ್ಲ, ಮಾರುವವರು ತಾವೇ ಬರೆದುಕೊಂಡದ್ದು. ಸಂಜೆಯ ಹೊತ್ತಿಗೆ ನನಗೆ ತಲೆನೋವು. ಅವನ ಬೆಕ್ಕಂತೂ ಬಾಗಿಲ ಸಂದಿಗೆ ಮೂಗು ಒತ್ತಿ ಕೂತಿರುತ್ತಿತ್ತು. ಯುಜೆನಾಲಿನಂಥವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಬೆಕ್ಕಿರುವ ಮನೆಯಲ್ಲಿ ಈ ಎಣ್ಣೆ ಗಾಳಿಗೂ ಬೇಡ, ನೆಲ ಒರೆಸುವ ನೀರಿಗೂ ಬೇಡ. ನೆಲದ್ದು ಪಾದಕ್ಕೆ ಹತ್ತಿ, ಪಾದದ್ದು ನಾಲಿಗೆಗೆ ಹೋಗುತ್ತದೆ. ಬೆಕ್ಕಿಲ್ಲದ ಮನೆಯಲ್ಲೂ ಎರಡು ಮೂರು ಹನಿ, ಅರ್ಧ ಗಂಟೆ, ಕಿಟಕಿ ತೆರೆದು.

ನನ್ನ ಮನೆಯಲ್ಲಿ ಇದರ ಉಪಯೋಗ ಈಗ ಎರಡೇ. ಕಸದ ಡಬ್ಬಿಯ ತಳಕ್ಕೆ ಹತ್ತಿಯುಂಡೆಯಲ್ಲಿ ಒಂದು ಹನಿ. ನೆಲ ಒರೆಸುವ ಬಕೆಟ್ಟಿಗೆ ಐದು ಹನಿ, ಅದೂ ಮೊದಲು ಒಂದು ಚಮಚ ಲಿಕ್ವಿಡ್ ಸೋಪಿನಲ್ಲಿ ಚೆನ್ನಾಗಿ ಕಲಸಿ, ಇಲ್ಲದಿದ್ದರೆ ಮತ್ತೆ ತಳಕ್ಕೇ. ಹಲ್ಲುನೋವಿಗೆ ಹಚ್ಚುವ ಆಸೆ ಹಲವರಿಗಿದೆ. ಹಲ್ಲಿನ ಡಾಕ್ಟರು ಸತುವಿನ ಆಕ್ಸೈಡ್ ಜೊತೆ ಯುಜೆನಾಲ್ ಕಲಸಿ ಸಿಮೆಂಟಾಗಿ ತುಂಬುವುದು ನಿಜ. ಬಾಟಲಿಯ ಎಣ್ಣೆಯನ್ನೇ ಒಸಡಿಗೆ ಒತ್ತಿದರೆ ಒಸಡು ಸುಡುತ್ತದೆ. ಹೊಟ್ಟೆಗಂತೂ ಬೇಡವೇ ಬೇಡ. ಇದರಂತೆಯೇ ಯುಜೆನಾಲ್ ತುಂಬಿದ ಲವಂಗದ ಎಣ್ಣೆಯನ್ನು 5ರಿಂದ 10 ಎಂ.ಎಲ್. ಕುಡಿದ ಎಳೆಮಕ್ಕಳು ಪ್ರಜ್ಞೆ ತಪ್ಪಿ, ಯಕೃತ್ತಿಗೆ ಏಟು ತಿಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿ ಸಮೇತ ಆಸ್ಪತ್ರೆಗೆ ಓಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮೈಗೆ ಹಚ್ಚಿಕೊಳ್ಳಬಾರದು.

ಹೋದ ವರ್ಷ ಅಮ್ಮನಿಗೊಂದು ಬಾಟಲಿ ಕಳಿಸಿದ್ದೆ, ಇಷ್ಟನ್ನೂ ಚೀಟಿಯಲ್ಲಿ ಬರೆದು. ಒಂದು ವಾರಕ್ಕೆ ಫೋನು.

“ಅರ್ಧ ಎಣ್ಣೇನ ಪಕ್ಕದ ಮನೆಯವರಿಗೆ ಅಂತ ಚಿಕ್ಕ ಪ್ಲಾಸ್ಟಿಕ್ ಡಬ್ಬೀಲಿ ಹಾಕಿಟ್ಟಿದ್ದೆ ಕಣೋ. ಗಾಜಿನ ಥರ ಇತ್ತಲ್ಲ, ಅದು ಮಂಕಾಗಿ ಕೈಗೆ ಅಂಟ್ತಾ ಇದೆ. ಎಣ್ಣೆ ಕೆಟ್ಟಿದೆಯಾ?”

“ಎಣ್ಣೆ ಕೆಟ್ಟಿಲ್ಲಮ್ಮ, ಅದು ಡಬ್ಬೀನ ಕರಗಿಸ್ತಾ ಇದೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಮೂರು ಹನಿ ಅಂದಿದ್ದೆ ಅಲ್ವಾ ನೀನು?” ಅಂದಳು.