ಗಾಳದ ಪಕ್ಕ ಮನೆಯವರೂ ಇರಲಿ

ಹೋದ ಭಾನುವಾರ ನನ್ನ ಹೆಂಡತಿ ಮೀನು ಹಿಡಿದ ಫೋಟೋ ಒಂದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದು ಕೈಯಲ್ಲಿ ರಾಡು, ಇನ್ನೊಂದು ಕೈಯಲ್ಲಿ ಒದ್ದಾಡುತ್ತಿರುವ ಮೀನು, ಪಕ್ಕದಲ್ಲಿ ಬಾಯಿ ತೆರೆದು ನೋಡುತ್ತಿರುವ ಮಗಳು. ಸ್ವಲ್ಪ ಹೊತ್ತಿಗೇ ಊರಿನಿಂದ ಚಿಕ್ಕಪ್ಪನ ಉತ್ತರ ಬಂತು. "ಹೆಂಗಸರು ಮಕ್ಕಳನ್ನ ಕಟ್ಕೊಂಡು ಯಾರಾದ್ರೂ ಗಾಳ ಹಾಕೋಕೆ ಹೋಗ್ತಾರೇನೋ?"

ಚಿಕ್ಕಪ್ಪ ಕೆಟ್ಟ ಮನುಷ್ಯರಲ್ಲ. ಎರೆಹುಳು ಸಿಕ್ಕಿಸೋದನ್ನು ನನಗೆ ಹೇಳಿಕೊಟ್ಟವರೇ ಅವರು. ಆದರೂ ಆ ಮಾತು ಚುಚ್ಚಿತು. ಯಾಕೆಂದರೆ ನಮ್ಮ ತೀರ್ಥಹಳ್ಳಿ ಕಡೆ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಅದನ್ನೇ ಹೇಳುತ್ತಾರೆ.

ನಾವಿರುವುದು ಲಾಸ್ ಏಂಜಲೀಸ್ ಪಕ್ಕ. ಇಲ್ಲಿನ ಕಡಲ ತೀರದಲ್ಲಿ ಸ್ವಲ್ಪ ದೂರಕ್ಕೊಂದು ಪಿಯರ್ ಇದೆ. ಸಾಂಟಾ ಮೋನಿಕಾ, ವೆನಿಸ್, ಮ್ಯಾನ್‌ಹಟನ್ ಬೀಚ್, ಹರ್ಮೋಸಾ, ರೆಡಾಂಡೊ. ದಡದಿಂದ ಹೊರಟು ಅಲೆಗಳನ್ನು ದಾಟಿ ಸಮುದ್ರದ ಮೇಲೆ ನಿಂತ ಉದ್ದನೆಯ ಕಟ್ಟೆಗಳು. ಎರಡೂ ಬದಿ ಕಂಬಿ. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದ ಯಾರೇ ಆಗಲಿ ಮೀನು ಹಿಡಿಯಬೇಕಾದರೆ ಲೈಸೆನ್ಸ್ ಬೇಕು. ಆದರೆ ಸಮುದ್ರದ ಸಾರ್ವಜನಿಕ ಪಿಯರ್ ಮೇಲೆ ನಿಂತು ಹಿಡಿಯುವವರಿಗೆ ಬೇಡ. ಒಬ್ಬರಿಗೆ ಎರಡೇ ರಾಡು, ಹ್ಯಾಲಿಬಟ್ ಅನ್ನುವ ಮೀನು ಸಿಕ್ಕರೆ 22 ಇಂಚು ಇರಲೇಬೇಕು, ಇಂಥ ಕಟ್ಟುಪಾಡುಗಳು ಅಲ್ಲೂ ಉಂಟು. ಅಷ್ಟು ಪಾಲಿಸಿದರೆ ಯಾರು ಬೇಕಾದರೂ ಬಂದು ನಿಲ್ಲಬಹುದು. ದೋಣಿ ಬೇಡ, ಈಜು ಬರಬೇಕಿಲ್ಲ, ಕೆಸರಿನಲ್ಲಿ ಇಳಿಯಬೇಕಿಲ್ಲ. ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡು ಬಂದ ತಾಯಂದಿರನ್ನು ನೋಡಿದ್ದೇನೆ. ಗಾಲಿಕುರ್ಚಿಯಲ್ಲಿ ಕೂತ ಅಜ್ಜನೊಬ್ಬ ಕಂಬಿಗೆ ರಾಡು ಒರಗಿಸಿಕೊಂಡು ಮೊಮ್ಮಕ್ಕಳಿಗೆ ಹೇಳಿಕೊಡುತ್ತಿದ್ದುದನ್ನೂ ನೋಡಿದ್ದೇನೆ.

ತುಂಗೆಯ ಗಾಳಕ್ಕೂ ಇಲ್ಲಿಯದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನಾವು ಮೂರೂ ಜನ ಒಟ್ಟಿಗೇ ಕಲಿಯಲು ಶುರು ಮಾಡಿದೆವು. ಇಲ್ಲಿ ಹೊಸಬರು ಮೊದಲು ಕೊಳ್ಳುವುದು ಸಬಿಕಿ. ಒಂದೇ ದಾರಕ್ಕೆ ಸಣ್ಣ ಸಣ್ಣ ಆರು ಕೊಕ್ಕೆ, ಒಂದೊಂದಕ್ಕೂ ಮಿನುಗುವ ಒಂದು ಚೂರು, ತುದಿಯಲ್ಲಿ ಸೀಸದ ಗುಂಡು. ಮಗಳ ಕೈಗೆ ಕೊಟ್ಟ ಕೂಡಲೇ ಅದು ಅವಳ ಸ್ವೆಟರಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಬಂದು, ಬಿಡಿಸಿ, ದಾರವನ್ನು ನಡುವಿಗೆ ಕತ್ತರಿಸಿ ಮೂರೇ ಕೊಕ್ಕೆ ಉಳಿಸಿದರು. ಮಕ್ಕಳಿಗೆ ಮೂರು ಸಾಕು, ಉಳಿದರ್ಧ ನಾಳೆಗಾಯಿತು ಅಂದರು. ಆಮೇಲೆ ಮಗಳ ಕೈಮೇಲೆ ಕೈಯಿಟ್ಟು ತೋರಿಸಿದರು. ಎಸೆಯಬೇಡ, ನೇರ ಕೆಳಗೆ ಬಿಡು. ಗುಂಡು ತಳ ಮುಟ್ಟಿದಾಗ ದಾರ ಸಡಿಲವಾಗುತ್ತೆ. ಒಂದೆರಡು ಸುತ್ತು ಮೇಲೆತ್ತು, ನಿಲ್ಲಿಸು, ರಾಡಿನ ತುದಿಯನ್ನು ಮೆಲ್ಲಗೆ ಎತ್ತಿ ಇಳಿಸು. ಪಿಯರಿನ ಕಂಬಗಳಿಗೆ ಚಿಪ್ಪಿನ ಮಳಿ ಅಂಟಿರುತ್ತೆ, ಅದನ್ನು ತಿನ್ನಲು ಮೀನು ಅಲ್ಲೇ ಸುತ್ತುತ್ತಿರುತ್ತೆ, ದೂರ ಯಾಕೆ ಎಸೀತೀರಿ ಅಂತ ನನಗೂ ಒಂದು ಮಾತು ಹೇಳಿದರು.

ಹೆಂಡತಿಗೆ ಸಿಕ್ಕಿದ್ದು ಮ್ಯಾಕರೆಲ್. ನಮ್ಮ ಬಂಗುಡೆ ಅಲ್ಲ, ಬಂಗುಡೆಯ ದಾಯಾದಿ. ಬೆನ್ನ ಮೇಲೆ ಹಸಿರು ನೀಲಿ ಅಲೆಯಂಥ ಗೆರೆಗಳು. ಅವಳು ಉಡುಪಿ ಕಡೆಯವಳು. ಕಿವಿರು ಎತ್ತಿ ನೋಡಿ ಮೀನಿನ ಜಾತಕ ಹೇಳುತ್ತಾಳೆ. ಹುಟ್ಟಿದಾಗಿನಿಂದ ಮೀನು ತಿಂದು, ಕೊಯ್ದು, ಉಪ್ಪು ಹಾಕಿ ಬೆಳೆದವಳು. ಜೀವಂತ ಮೀನು ದಾರ ಎಳೆಯುವ ಆ ಜಗ್ಗು ಕೈಗೆ ತಗುಲಿದ್ದು ಮಾತ್ರ ಇಲ್ಲಿಗೆ ಬಂದ ಮೇಲೆ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತದೆ.

ನಮ್ಮಲ್ಲಿ ಮೀನು ಹಿಡಿಯೋದು ಗಂಡಸರ ಗುಟ್ಟಿನ ಹಾಗೆ ನಡೆಯುತ್ತದೆ. ಮೊದಲ ಮಳೆ ಬಿದ್ದ ರಾತ್ರಿ ಹೊಳೆಯಿಂದ ಹಳ್ಳಕ್ಕೆ ಹತ್ತಿ ಬರುವ ಹತ್ತುಮೀನು ಏರುತ್ತವೆ ಅಂತ ಗೊತ್ತಾದರೆ ಸಾಕು, ಟಾರ್ಚು, ಕತ್ತಿ, ಗೊರಬೆ ಹಿಡಿದು ಕೇರಿಯ ಗಂಡಸರೆಲ್ಲ ಗದ್ದೆಯಂಚಿನ ಹಳ್ಳಕ್ಕೆ. ನನ್ನನ್ನು ಚಿಕ್ಕ ಹುಡುಗ ಅಂತ ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ನನಗಿಂತ ದೊಡ್ಡವಳಾದ, ನನಗಿಂತ ಚೆನ್ನಾಗಿ ಈಜುತ್ತಿದ್ದ ಅಕ್ಕ ಮಾತ್ರ ಮನೆಯಲ್ಲೇ. ನಡುರಾತ್ರಿ ನಾವು ಚೀಲ ತಂದು ಸುರಿದರೆ ಅವಳೂ ಅಮ್ಮನೂ ಹಿತ್ತಿಲಿನಲ್ಲಿ ಚಿಮಣಿ ಇಟ್ಟುಕೊಂಡು, ಬೂದಿ ಹಚ್ಚಿ ಉಜ್ಜಿ, ಒಂದೊಂದೇ ಕೊಯ್ಯುತ್ತಿದ್ದರು. ಹಿಡಿಯುವ ಖುಷಿ ಒಬ್ಬರಿಗೆ, ಕೊಯ್ಯುವ ಕೆಲಸ ಇನ್ನೊಬ್ಬರಿಗೆ. ಯಾಕೆ ಹೀಗೆ ಅಂತ ಒಬ್ಬರೂ ಕೇಳಲಿಲ್ಲ.

ಇಡೀ ಮನೆ ಒಟ್ಟಿಗೆ ನೀರಿನ ಹತ್ತಿರ ಹೋಗುತ್ತಿದ್ದುದು ಶೃಂಗೇರಿಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಲು ಮಾತ್ರ.

ಮನೆಯವರು ಪಕ್ಕದಲ್ಲಿದ್ದರೆ ಮೀನು ಹಿಡಿಯುವ ರೀತಿಯೇ ಬದಲಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ವಸಂತದಲ್ಲಿ ಒಂದು ದಿನ ಸರ್ಫ್‌ಪರ್ಚ್ ಸಿಕ್ಕಿತು. ಅಂಗೈಗಿಂತ ದೊಡ್ಡದು, ಮೈಮೇಲೆ ಪಟ್ಟೆ ಪಟ್ಟೆ, ಹೊಟ್ಟೆ ಊದಿಕೊಂಡಿತ್ತು. ನೀರು ತುಂಬಿದ ಬಕೆಟ್ಟಿಗೆ ಹಾಕಿದೆವು. ಈ ಮೀನು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ನಾವು ನೋಡುತ್ತಿದ್ದ ಹಾಗೇ ಒಂದು ಮರಿ ಹೊರಬಂತು, ಬಾಲ ಮೊದಲು. ಆಮೇಲೆ ಇನ್ನೊಂದು. ಹೆಬ್ಬೆರಳಿನ ಉದ್ದ, ಅಮ್ಮನದೇ ಪಡಿಯಚ್ಚು, ಹುಟ್ಟಿದ ಕ್ಷಣದಿಂದಲೇ ಈಜು. ಮಗಳು ಬಕೆಟ್ ಬಿಟ್ಟು ಏಳಲಿಲ್ಲ. "ಅಪ್ಪ, ಇವರನ್ನ ಮನೆಗೆ ಕಳಿಸೋಣ" ಅಂದಳು. ಬಕೆಟ್ಟಿಗೆ ಹಗ್ಗ ಕಟ್ಟಿ ಅಷ್ಟು ಕೆಳಗಿನ ನೀರಿಗೆ ಇಳಿಸಿ, ಮೆಲ್ಲಗೆ ಓರೆ ಮಾಡಿ ಬಿಟ್ಟೆವು.

ಹತ್ತುಮೀನು ಏರುವುದೂ ಮೊಟ್ಟೆ ಇಡುವುದಕ್ಕೇ ತಾನೇ? ಮೊಟ್ಟೆ ತುಂಬಿದ ಮೀನು ಸಿಕ್ಕಷ್ಟೂ ನಮಗೆ ಖುಷಿ ಜಾಸ್ತಿ. ಆ ಹಳ್ಳದ ಬದಿ ನನ್ನ ಮಗಳಂಥ ಒಂದು ಹುಡುಗಿ ನಿಂತು "ಬಿಟ್ಬಿಡಿ" ಅಂದಿದ್ದರೆ? ಇನ್ನೂ ಮುಂದೆ ಹೋಗಿ ಹೇಳುತ್ತೇನೆ. ಅಡಿಕೆಗೆ ಹೊಡೆದು ಉಳಿದ ಮೈಲುತುತ್ತವನ್ನು ಬೇಸಿಗೆಯಲ್ಲಿ ಹೊಳೆಯ ನೀರು ನಿಂತ ಗುಂಡಿಗೆ ಸುರಿಯುವವರಿದ್ದಾರೆ. ನೀರಿನಲ್ಲಿ ಸಿಡಿಯುವ ತೋಟೆ ಹಾಕುವವರಿದ್ದಾರೆ. ದೊಡ್ಡ ಮೀನಿನ ಜೊತೆ ಉಗುರಿನಷ್ಟು ಮರಿಗಳೂ ಹೊಟ್ಟೆ ಮೇಲಾಗಿ ತೇಲುತ್ತವೆ. ಹೆಂಡತಿ ಮಕ್ಕಳು ದಡದಲ್ಲಿ ಕೂತು ನೋಡುತ್ತಿದ್ದರೆ ಅಂಥ ಕೆಲಸಕ್ಕೆ ಯಾರ ಕೈ ಏಳುತ್ತದೆ? ಯಾರೂ ನೋಡುವುದಿಲ್ಲ ಅನ್ನುವ ಧೈರ್ಯದಿಂದಲೇ ಅದೆಲ್ಲ ನಡೆಯುತ್ತಿರುವುದು. ಕಾನೂನು ಇದೆ, ಇಲಾಖೆ ಇದೆ. ಆದರೆ ಪ್ರತಿ ಗುಂಡಿಯ ಹತ್ತಿರ ಇಲಾಖೆ ನಿಲ್ಲೋಕಾಗುತ್ತಾ? ಮನೆಯವರು ನಿಲ್ಲಬಹುದು.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ನಿಮ್ಮ ಮಲೆನಾಡನ್ನೇ ಇಡೀ ಕರ್ನಾಟಕ ಮಾಡಬೇಡಿ. ನಾವು ಕೈರಂಪಣಿ ಎಳೀಲಿಲ್ವಾ?" ಅಂದಳು. ಅದು ನಿಜ. ದಡದಿಂದ ಬಲೆಯನ್ನು ಸುತ್ತು ಬಿಟ್ಟು ಎರಡೂ ತುದಿ ಹಿಡಿದು ಎಳೆಯುವಾಗ ದಾರಿಹೋಕರೂ ಹಗ್ಗಕ್ಕೆ ಕೈ ಹಾಕಬಹುದು. ಎಳೆದವರಿಗೆಲ್ಲ ಒಂದು ಪಾಲು. ಅವಳು ಶಾಲೆ ಬಿಟ್ಟು ಬರುವಾಗ ಚೀಲ ಮರಳಿನ ಮೇಲೆ ಎಸೆದು ಎಳೆದಿದ್ದಾಳೆ, ಲಂಗದ ಮಡಿಲಿನಲ್ಲಿ ಬೂತಾಯಿ ಮನೆಗೆ ತಂದಿದ್ದಾಳೆ. ದೊಡ್ಡ ರಂಪಣಿ ಬಲೆಗಳಿಗೆ ಊರಿಗೆ ಊರೇ ಕೂಡುತ್ತಿತ್ತಂತೆ. 1970ರ ದಶಕದ ಕೊನೆಗೆ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಅವುಗಳ ಪಾಲಾಯಿತು, ರಂಪಣಿ ಮೂಲೆ ಸೇರಿತು. ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಮಲ್ಪೆಯ ಧಕ್ಕೆಯಲ್ಲಿ ಹರಾಜು ಕೂಗುವ, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸರ ಮುಂದೆ ನನ್ನ ಮಾತು ನಿಲ್ಲುವುದಿಲ್ಲ ಅಂತಲೂ ಅವಳು ಹೇಳಿದಳು. ಒಪ್ಪಬೇಕು.

ಇಲ್ಲಿಯದೂ ಎಲ್ಲ ಚಂದ ಅಂತ ಹೇಳಲಾರೆ. ಸಾಂಟಾ ಮೋನಿಕಾದಿಂದ ಸೀಲ್ ಬೀಚಿನವರೆಗೆ ಪಿಯರುಗಳ ಮೇಲೆ ಎಚ್ಚರಿಕೆಯ ಬೋರ್ಡುಗಳಿವೆ. ಬಿಳಿ ಕ್ರೋಕರ್, ಟಾಪ್‌ಸ್ಮೆಲ್ಟ್, ಬ್ಯಾರಕೂಡ ಹೀಗೆ ಐದು ಜಾತಿಯ ಮೀನು ತಿನ್ನಬೇಡಿ ಅಂತ. ಹಿಂದೆ ಇಲ್ಲಿನ ಒಂದು ಕಾರ್ಖಾನೆಯ ಡಿಡಿಟಿ ಅನ್ನುವ ಕೀಟನಾಶಕ ಚರಂಡಿಯ ಮೂಲಕ ವರ್ಷಗಟ್ಟಲೆ ಸಮುದ್ರ ಸೇರಿತು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ಬಳಕೆ ಬಹುಮಟ್ಟಿಗೆ ನಿಂತರೂ ಅದು ಕಡಲ ತಳದ ಕೆಸರಿನಲ್ಲಿ ಇಂದಿಗೂ ಇದೆ. ಮಗಳು ಮೊದಲ ಸಲ ತಾನೇ ಎತ್ತಿದ ಮೀನು ಬಿಳಿ ಕ್ರೋಕರ್. ಅದನ್ನು ಹುರಿದು ಕೊಡು ಅಂತ ಕೇಳಿದಳು. ಆಗಲ್ಲ ಪುಟ್ಟಿ ಅಂತ ಬೋರ್ಡು ತೋರಿಸುವಾಗ ನನ್ನ ಹೊಟ್ಟೆ ಉರಿಯಿತು. ಅವಳ ವಯಸ್ಸಿನಲ್ಲಿ ನಾನು ತುಂಗೆಯಿಂದ ತಂದ ಮೀನನ್ನು ಅಮ್ಮ ಯಾವ ಬೋರ್ಡೂ ಓದದೆ ಸಾರು ಮಾಡಿ ಬಡಿಸಿದ್ದಳು.

ಆದರೂ ನನ್ನ ಹಟ ಬಿಡುವುದಿಲ್ಲ. ಕರಾವಳಿಯಲ್ಲಿ ಹಗ್ಗ ಹಿಡಿದ ಹುಡುಗಿಗೆ ಮಲೆನಾಡಿನಲ್ಲಿ ಗಾಳ ಯಾಕಿಲ್ಲ? ಅದಕ್ಕೆ ಪಿಯರ್ ಕಟ್ಟುವವರೆಗೆ ಕಾಯಬೇಕಾಗಿಲ್ಲ. ಮೀನು ಹಿಡಿಯುವಂತಿಲ್ಲದ ಮತ್ಸ್ಯಧಾಮದ ಮಗ್ಗುಲು ಬಿಟ್ಟು, ಮಳೆಗಾಲವನ್ನೂ ಬಿಟ್ಟು, ಜನವರಿಯ ನಂತರ ಹೊಳೆ ಇಳಿದಾಗ ಬಂಡೆಯ ಮೇಲೆ ಕೂರುವ ಜಾಗ ಎಷ್ಟು ಬೇಕಾದರೂ ಇವೆ. ಒಂದು ಬಿದಿರಿನ ಕೋಲು, ಒಂದು ಕೊಕ್ಕೆ, ತೆಂಗಿನ ಚಿಪ್ಪಿನಲ್ಲಿ ನಾಲ್ಕು ಎರೆಹುಳು. ಮಗಳನ್ನೂ ಅವಳ ಅಮ್ಮನನ್ನೂ ಕರೆದುಕೊಂಡು ಹೋಗಿ. ಹಿಡಿದದ್ದನ್ನು ಆ ದಿನ ನೀವೇ ಕೊಯ್ಯಿರಿ.